ಮನಿಂದ ತಂದಿದ್ದಲ್ಲ, ಪಲ್ಟಣದಾಗ ಬಂದಿದ್ದಲ್ಲ

ಜಿಲ್ಲಾ ಪುಟದಲ್ಲಿ ಸೈನಿಕನಿಗೆ ಎರಡೇ ಜಾಗ. ಒಂದು, ‘ನಿವೃತ್ತ ಯೋಧನಿಗೆ ಅದ್ದೂರಿ ಸ್ವಾಗತ’. ತೆರೆದ ಜೀಪು, ಡೊಳ್ಳು, ಕೊರಳು ಮುಳುಗುವಷ್ಟು ಹಾರ, ಶಾಲೆ ಮಕ್ಕಳ ಕೈಯಲ್ಲಿ ಧ್ವಜ. ಇನ್ನೊಂದು, ಪೆಟ್ಟಿಗೆಯಲ್ಲಿ ಮನೆಗೆ ಬಂದವನದು. ಅದಕ್ಕೆ ಮುಖಪುಟವೂ ಸಿಗುತ್ತದೆ. ಜೀಪಿನಿಂದ ಇಳಿದ ಮೇಲೆ ಆ ಮನುಷ್ಯ ಬದುಕುವ ಮೂವತ್ತು ನಲವತ್ತು ವರ್ಷಕ್ಕೆ ಸುದ್ದಿಮೌಲ್ಯ ಇಲ್ಲ. ಬಿಪಿ ಗುಳಿಗೆ ನುಂಗಿ ಎಟಿಎಂ ಬಾಗಿಲಲ್ಲಿ ಕೂತ ಮಾಜಿ ಸೈನಿಕನ ಬಗ್ಗೆ ನಾಲ್ಕು ಸಾಲು ಕಳಿಸಿದರೆ ಡೆಸ್ಕಿನಿಂದ ಫೋನ್ ಬರುತ್ತದೆ: ‘ಇದರಲ್ಲಿ ಸುದ್ದಿ ಏನಿದೆ?’ ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಬ್ಯಾಚಿನ ಅನೇಕರ ಮನೆಯಲ್ಲೂ ಒಬ್ಬ ಮಾಜಿ ಸೈನಿಕ, ಅವರ ಮಂಚದ ಕೆಳಗೆ ಒಂದು ಕಪ್ಪು ಟ್ರಂಕು ಇದ್ದೇ ಇರುತ್ತದೆ ಎಂಬ ನಂಬಿಕೆಯಿಂದ.

ಎಟಿಎಂ ಬಾಗಿಲಲ್ಲಿ ಕೂತವರು ನಮ್ಮ ಕಾಕಾ, ಅಪ್ಪನ ತಮ್ಮ. 1984ರಲ್ಲಿ ಭರ್ತಿಯಾಗಿ, 22 ವರ್ಷ ದುಡಿದು, 2006ರಲ್ಲಿ ನಾಯಕ್ ಆಗಿ ನಿವೃತ್ತರಾದರು. ಪಲ್ಟಣದ ಹೆಸರು, ಕಚೇರಿಗಳ ಹೆಸರು ಬರೆಯಬೇಡ ಅಂದಿದ್ದಾರೆ, ಬರೆಯುವುದಿಲ್ಲ. ಬಿಡುಗಡೆಗೆ ಮುಂಚೆ ನಡೆಯುವ ಮೆಡಿಕಲ್ ಬೋರ್ಡ್ ಅವರಿಗೆ ‘ಪ್ರೈಮರಿ ಹೈಪರ್‌ಟೆನ್ಶನ್, 30 ಪರ್ಸೆಂಟ್, ಜೀವನಪರ್ಯಂತ’ ಎಂದು ಬರೆಯಿತು. ಕೆಲವು ತಿಂಗಳ ನಂತರ ಊರಿಗೆ ಒಂದು ಇಂಗ್ಲಿಷ್ ಪತ್ರ ಬಂತು. ಅಂಚೆಯವನ ಪುಸ್ತಕದಲ್ಲಿ ಸಹಿ ಮಾಡಿ ತೆಗೆದುಕೊಂಡು, ಡಿಸ್ಚಾರ್ಜ್ ಬುಕ್ಕಿನ ಒಳಗಿಟ್ಟು ಟ್ರಂಕಿಗೆ ಹಾಕಿದರು. ಕಾಕಾಗೆ ಹಿಂದಿ ಓದಲು ಬರುತ್ತದೆ, ಕನ್ನಡ ಬರುತ್ತದೆ, ಇಂಗ್ಲಿಷಿನಲ್ಲಿ ಬರುವುದು ಕಮಾಂಡ್‌ಗಳು. ಪತ್ರದಲ್ಲಿ ‘ಡಿಸೆಬಿಲಿಟಿ ಪೆನ್ಶನ್’ ಎಂಬ ಶಬ್ದ ಕಂಡಿತ್ತಂತೆ. ಪಿಂಚಣಿ ಹೇಗೂ ಬರುತ್ತಿದೆಯಲ್ಲ, ಅದರದ್ದೇ ಕಾಗದ ಅಂದುಕೊಂಡಿದ್ದರು.

ಆ ಪತ್ರವನ್ನು ನಾನು ಓದಿದ್ದು 2017ರಲ್ಲಿ, ಇನ್ಯಾವುದೋ ಕೆಲಸಕ್ಕೆ ಡಿಸ್ಚಾರ್ಜ್ ಬುಕ್ಕಿನ ಜೆರಾಕ್ಸ್ ಬೇಕಾದಾಗ. ಪತ್ರ ಹೇಳುತ್ತಿದ್ದುದು ಇಷ್ಟು: ನಿಮಗೆ ಕಾಯಿಲೆ ಇದೆ, ಒಪ್ಪುತ್ತೇವೆ. 30 ಪರ್ಸೆಂಟ್ ಇದೆ, ಅದನ್ನೂ ಒಪ್ಪುತ್ತೇವೆ. ಆದರೆ ಅದು ಸೇನಾ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ. ಆದ್ದರಿಂದ ಕ್ಲೇಮು ತಿರಸ್ಕೃತ. ಒಪ್ಪಿಗೆ ಇಲ್ಲದಿದ್ದರೆ ಆರು ತಿಂಗಳೊಳಗೆ ಅಪೀಲು ಮಾಡಿ. ಆರು ತಿಂಗಳು ಮುಗಿದು ಹತ್ತು ವರ್ಷ ದಾಟಿತ್ತು.

ಗೊತ್ತಿಲ್ಲದವರಿಗೆ ಎರಡು ಮಾತು. ಅಂಗವೈಕಲ್ಯ ಪಿಂಚಣಿ ಅಂದರೆ ಕೈಕಾಲು ಕಳೆದುಕೊಂಡವರಿಗೆ ಮಾತ್ರ ಅಂತ ನಾವು ತಿಳಿದಿರುತ್ತೇವೆ. ಹಾಗಲ್ಲ. ಕಿವಿ, ಬೆನ್ನು, ಮಂಡಿ, ಸಕ್ಕರೆ, ರಕ್ತದೊತ್ತಡ, ಮನಸ್ಸು, ಯಾವುದೂ ಆಗಬಹುದು. 1961ರ ಸೇನಾ ಪಿಂಚಣಿ ನಿಯಮಗಳ ಪ್ರಕಾರ ನೋಡುವುದು ಎರಡು ಸಂಗತಿ. ವೈಕಲ್ಯ 20 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಅದು ಸೇವೆಯಿಂದ ಬಂದಿರಬೇಕು, ಇಲ್ಲವೇ ಸೇವೆಯಿಂದ ಹೆಚ್ಚಾಗಿರಬೇಕು. ಅವಧಿ ಪೂರೈಸಿ ಬಂದವನಿಗೆ ಮಾಮೂಲಿ ಪಿಂಚಣಿಯ ಮೇಲೆ ಇದು ಪ್ರತ್ಯೇಕವಾಗಿ ಸೇರುತ್ತದೆ. ಮೊದಲನೆಯದರ ಬಗ್ಗೆ ಜಗಳ ಕಡಿಮೆ, ಜಗಳವೆಲ್ಲ ಎರಡನೆಯದಕ್ಕೆ. ‘ಬಂದದ್ದೂ ಅಲ್ಲ, ಹೆಚ್ಚಾದದ್ದೂ ಅಲ್ಲ’ ಎಂಬ ಇಂಗ್ಲಿಷ್ ಮಾತಿನ ಮೊದಲ ಅಕ್ಷರಗಳನ್ನು ಸೇರಿಸಿ ವಕೀಲರು ಅದನ್ನು ‘ನಾನಾ’ ಅನ್ನುತ್ತಾರೆ. ‘ನಿಮ್ಮ ಕಾಕಾಂದು ನಾನಾ ಕೇಸು’ ಅಂದಾಗ ನಾನಾ ಥರದ ಕೇಸು ಅಂದುಕೊಂಡು ಸುಮ್ಮನೆ ತಲೆಯಾಡಿಸಿದ್ದೆ.

ಡಿಪ್ಲೊಮಾದಲ್ಲಿ ನಮಗೆ ಕಲಿಸಿದ್ದರಲ್ಲಿ ಇವತ್ತಿಗೂ ಅನ್ನ ಕೊಡುವ ಒಂದು ವಿದ್ಯೆ ಎಂದರೆ ಮಾಹಿತಿ ಹಕ್ಕಿನ ಅರ್ಜಿ ಬರೆಯುವುದು. ಗ್ರಾಮ ಪಂಚಾಯಿತಿ ಕೆರೆ ಹೂಳಿನ ಲೆಕ್ಕಕ್ಕೆ ಹಾಕುವ ಅದೇ ಅರ್ಜಿ, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಕಾಕಾ ಹೆಸರಿನಲ್ಲಿ ಅವರ ದಾಖಲೆ ಕಚೇರಿಗೆ ಬರೆದೆ: ಬಿಡುಗಡೆ ಮೆಡಿಕಲ್ ಬೋರ್ಡಿನ ಪೂರ್ತಿ ನಡಾವಳಿ, ಭರ್ತಿಯಾದ ದಿನದ ವೈದ್ಯಕೀಯ ತಪಾಸಣೆಯ ಹಾಳೆ, ಪೋಸ್ಟಿಂಗುಗಳ ವಿವರ, ಮೂರನ್ನೂ ಕೊಡಿ. ಮೊದಲ ಸಲ ಗುರುತಿನ ಚೀಟಿಯ ಪ್ರತಿ ಇಲ್ಲ ಎಂದು ವಾಪಸ್ ಬಂತು. ಎರಡನೇ ಸಲ ದಪ್ಪ ಲಕೋಟೆ ಬಂತು.

ಕಾಕಾ, ನಾನು, ಕಾಕೂ ಮೂವರೂ ಪಡಸಾಲೆಯಲ್ಲಿ ಕೂತು ಆ ಹಾಳೆಗಳನ್ನು ಓದಿದೆವು. ನಾನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುವುದು, ಕಾಕಾ ಹೂಂ ಅನ್ನುವುದು. ಬೋರ್ಡಿನ ಫಾರ್ಮಿನಲ್ಲಿ ಸಾಲಾಗಿ ಪ್ರಶ್ನೆಗಳು. ಈ ಕಾಯಿಲೆ ಸೇನೆಗೆ ಸೇರುವ ಮೊದಲೇ ಇತ್ತೆ? ‘ಇಲ್ಲ.’ ಇವನ ನಿರ್ಲಕ್ಷ್ಯದಿಂದಲೋ ದುರ್ವರ್ತನೆಯಿಂದಲೋ ಬಂದದ್ದೆ? ‘ಇಲ್ಲ.’ ಸೇವೆಯಿಂದ ಬಂದದ್ದೆ? ‘ಇಲ್ಲ.’ ಸೇವೆಯಿಂದ ಹೆಚ್ಚಾದದ್ದೆ? ‘ಇಲ್ಲ.’ ಕಾರಣದ ಕಾಲಮ್ಮಿನಲ್ಲಿ ಒಂದೇ ಸಾಲು: ಶಾಂತಿ ಪ್ರದೇಶದಲ್ಲಿ ಕಾಣಿಸಿಕೊಂಡದ್ದು, ಸೇವೆಗೆ ಸಂಬಂಧಿಸಿದ್ದಲ್ಲ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಮನಿಂದ ತಂದಿದ್ದಲ್ಲ. ಪಲ್ಟಣದಾಗ ಬಂದಿದ್ದಲ್ಲ. ನನ್ನ ತಪ್ಪೂ ಅಲ್ಲ. ಹಂಗಾರ ಎಲ್ಲಿಂದ ಬಂತು ತಮ್ಮಾ? ಟ್ರೇನಿನ್ಯಾಗ ಹತ್ತಿತೇನ?’ ಅಂದರು.

ಮುಂದೆ ನಾಲ್ಕು ವರ್ಷ ವಕೀಲರು, ಅಫಿಡವಿಟ್ಟು, ತೀರ್ಪಿನ ಪ್ರತಿ ಅಂತ ಓಡಾಡಿದ್ದೆಲ್ಲ ಈ ಒಂದು ಪ್ರಶ್ನೆಯನ್ನು ಇಂಗ್ಲಿಷಿಗೆ ತರುವ ಕೆಲಸವೇ. ಸುಪ್ರೀಂ ಕೋರ್ಟು ಅದನ್ನೇ 2013ರ ಜುಲೈಯಲ್ಲಿ ಧರಂವೀರ್ ಸಿಂಗ್ ಪ್ರಕರಣದಲ್ಲಿ ಕೇಳಿತ್ತು. 1985ರಲ್ಲಿ ಸಿಗ್ನಲ್ಸ್ ಕೋರಿಗೆ ಸೇರಿದ ಸಿಪಾಯಿ ಅವರು. ಅಪಸ್ಮಾರ ಎಂದು 1994ರಲ್ಲಿ 20 ಪರ್ಸೆಂಟ್ ವೈಕಲ್ಯ ಬರೆದು ಮನೆಗೆ ಕಳಿಸಿದ್ದರು, ಸೇವೆಗೆ ಸಂಬಂಧವಿಲ್ಲ ಎಂಬ ಷರಾದ ಜೊತೆ. ಕೋರ್ಟು 1982ರ ಅರ್ಹತಾ ನಿಯಮಗಳನ್ನು ತೆಗೆದು ಓದಿತು. ಭರ್ತಿಯಾಗುವ ದಿನ ಸೇನೆಯ ಡಾಕ್ಟರೇ ಪರೀಕ್ಷಿಸಿ, ಯಾವ ಕಾಯಿಲೆಯನ್ನೂ ನಮೂದಿಸದೆ ‘ಫಿಟ್’ ಎಂದು ಒಳಗೆ ಬಿಟ್ಟಿದ್ದರೆ, ಅವನು ಆರೋಗ್ಯವಾಗಿಯೇ ಬಂದ ಎಂದು ಭಾವಿಸಬೇಕು. ಆಮೇಲೆ ಆರೋಗ್ಯ ಕೆಟ್ಟು ಬಿಡುಗಡೆಯಾದರೆ ಅದಕ್ಕೆ ಸೇವೆಯೇ ಕಾರಣ ಎಂದು ಭಾವಿಸಬೇಕು. ಪರೀಕ್ಷೆಯಲ್ಲಿ ಪತ್ತೆಯಾಗದ ಕಾಯಿಲೆ ಅನ್ನುವುದಾದರೆ ಡಾಕ್ಟರು ಕಾರಣ ಬರೆಯಬೇಕು. ಕ್ಲೇಮುದಾರ ಯಾವುದನ್ನೂ ಸಾಬೀತು ಮಾಡಬೇಕಿಲ್ಲ, ಸಂದೇಹವಿದ್ದರೆ ಅದರ ಲಾಭ ಅವನಿಗೇ.

ಇದನ್ನು ಮೂರು ಸಲ ಓದಿದೆ. ಸಾಬೀತು ಮಾಡಬೇಕಾದವನು ಸೈನಿಕನಲ್ಲ. ಆದರೆ ನಾನು ಕಂಡ ಎಲ್ಲ ಮಾಜಿ ಸೈನಿಕರೂ ಸಾಬೀತು ಮಾಡುವ ಭಾರ ತಮ್ಮ ತಲೆಯ ಮೇಲೇ ಇದೆ ಎಂದುಕೊಂಡು ಸ್ಕ್ಯಾನಿಂಗು, ಖಾಸಗಿ ಡಾಕ್ಟರ ಚೀಟಿ, ಸಾಕ್ಷಿ ಎಂದು ಒದ್ದಾಡುತ್ತಾರೆ. ಕಾಕಾ ಕೇಸಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ ಕಾಗದ ರೋಗದ್ದಲ್ಲ, 1984ರ ಭರ್ತಿ ದಿನದ್ದು. ಬಾಲ್‌ಪೆನ್ನಿನ ಶಾಯಿ ಹರಡಿ ಅರ್ಧ ಅಳಿಸಿದ್ದ ಆ ಹಾಳೆಯಲ್ಲಿ ಹತ್ತೊಂಬತ್ತು ವರ್ಷದ ಹುಡುಗನ ಎತ್ತರ, ತೂಕ, ಎದೆ, ಕೊನೆಗೆ ‘ಫಿಟ್’ ಅಂತ ಇತ್ತು.

ಇನ್ನು ಆ ‘ಶಾಂತಿ ಪ್ರದೇಶ’. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಯಾಕೆಂದರೆ ಕಾಕಾ ಹೇಳದೆ ಇದ್ದಿದ್ದರೆ ನನಗೆ ಹೊಳೆಯುತ್ತಿರಲಿಲ್ಲ. ಅವರ ಬಿಪಿ ದಾಖಲೆಗೆ ಬಂದದ್ದು 2003ರಲ್ಲಿ, ವಾರ್ಷಿಕ ತಪಾಸಣೆಯಲ್ಲಿ, ಒಂದು ಕಂಟೋನ್ಮೆಂಟಿನಲ್ಲಿ. ಅದಕ್ಕೆ ಹಿಂದೆ ಪಾರ್ಲಿಮೆಂಟಿನ ಮೇಲಿನ ದಾಳಿಯ ನಂತರದ ಆಪರೇಷನ್ ಪರಾಕ್ರಮ್, 2001ರ ಡಿಸೆಂಬರಿನಿಂದ 2002ರ ಅಕ್ಟೋಬರಿನವರೆಗೆ. ಅವರ ಪಲ್ಟಣ ಪಶ್ಚಿಮ ಗಡಿಯಲ್ಲಿತ್ತು. ಅದಕ್ಕೂ ಹಿಂದೆ ಎರಡು ಸಲ ಕಾಶ್ಮೀರ.

‘ಆವಾಗ ತಲಿ ನೋಯ್ತಿರಲಿಲ್ಲೇನ ಕಾಕಾ?’

‘ನೋಯ್ತಿತ್ತು. ಕಣ್ಣ ಮುಂದ ಚುಕ್ಕಿ ಚುಕ್ಕಿ ಬರ್ತಿದ್ವು.’

‘ಮತ್ತ ಡಾಕ್ಟರ್‌ಗೆ ಯಾಕ ಹೇಳಲಿಲ್ಲ?’

‘ಹೇಳಿದ್ರ ಕೆಟಗರಿ ಹಾಕ್ತಾರ. ಕೆಟಗರಿ ಬಿದ್ರ ಪ್ರಮೋಷನ್ ನಿಂತಂಗ. ಯಾರ ಹೇಳ್ತಾರ? ಎಲ್ಲಾರೂ ಒಂದ ಗುಳಿಗಿ ನುಂಗಿ ಡ್ಯೂಟಿ ಮಾಡಾವ್ರ.’

ಅಂದರೆ ಕಾಯಿಲೆ ದಾಖಲಾಗುವುದು ಅದು ಶುರುವಾದ ಜಾಗದಲ್ಲಲ್ಲ, ಡಾಕ್ಟರಿಗೆ ಪುರುಸೊತ್ತಿರುವ ಜಾಗದಲ್ಲಿ. ಗಡಿಯಲ್ಲಿ ಯಾರೂ ಎರಡೆರಡು ದಿನ ಬಿಟ್ಟು ಬಿಪಿ ನೋಡುವುದಿಲ್ಲ. ಕಂಟೋನ್ಮೆಂಟಿಗೆ ಬಂದ ಮೇಲೆ ನೋಡುತ್ತಾರೆ, ಸಿಗುತ್ತದೆ. ಸಿಕ್ಕಿದ ಜಾಗದ ಹೆಸರೇ ಮುಂದೆ ಅವನಿಗೆ ಮುಳುವಾಗುತ್ತದೆ. ಸೇನೆಯ ವೈದ್ಯಾಧಿಕಾರಿಗಳಿಗೆಂದೇ ಇರುವ 2002ರ ಮಾರ್ಗದರ್ಶಿಯಲ್ಲಿ ರಕ್ತದೊತ್ತಡದ ಬಗ್ಗೆ ಬೇರೆಯೇ ವಿವರವಿದೆ, ಯುದ್ಧರಂಗ, ಎತ್ತರದ ಪ್ರದೇಶಗಳ ಒತ್ತಡವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು. ಕಾಕಾ ಹಾಳೆಯಲ್ಲಿ ಅದರ ಸುಳಿವಿಲ್ಲ. ಮೂರು ಡಾಕ್ಟರ ಸಹಿ, ಒಂದು ಸಾಲು.

ಕೇಸು ಹಾಕುವುದಕ್ಕಿಂತ ಕಾಕಾನನ್ನು ಒಪ್ಪಿಸುವುದು ಕಷ್ಟವಾಯಿತು. ವಕಾಲತ್ತಿನ ಮೇಲಿದ್ದ ‘ಡಿಸೇಬಲ್ಡ್ ಸೋಲ್ಜರ್’ ಎಂಬ ಮಾತಿಗೆ ಅರ್ಥ ಕೇಳಿದರು. ಹೇಳಿದೆ. ‘ನಾ ಏನ್ ಕುಂಟನೇನ? ಊರಾಗ ಏನಂತಾರ?’ ಎಂದು ಪೆನ್ನು ಕೆಳಗಿಟ್ಟರು. ವರ್ಷಕ್ಕೆರಡು ಸಲ ಶಾಲೆಯಲ್ಲಿ ಧ್ವಜ ಹಾರಿಸಲು ಕರೆಸಿಕೊಳ್ಳುವ ಮನುಷ್ಯ ತನ್ನನ್ನು ಅಂಗವಿಕಲ ಎಂದು ಬರೆದುಕೊಡಲು ಒಪ್ಪುವುದು ಸುಲಭವಲ್ಲ. ಇನ್ನೊಂದು ಕಾರಣವನ್ನು ಅವರು ಹೇಳಲಿಲ್ಲ, ಕಾಕೂ ಅಡುಗೆಮನೆಯಲ್ಲಿ ನನಗೆ ಹೇಳಿದರು. ಅವರ ಮಗ ಆಗ ಹೈಸ್ಕೂಲು. ಬೆಳಗಿನ ಜಾವ ರಸ್ತೆಯಲ್ಲಿ ಓಡುತ್ತಿದ್ದ, ಮಿಲಿಟರಿ ಸೇರುವವನೇ ಎಂದು. ‘ಇವ್ರು ಸರ್ಕಾರದ ಮ್ಯಾಲೆ ಕೇಸ್ ಹಾಕಿದ್ರ ನಾಳೆ ಹುಡುಗನ ಭರ್ತಿಗೆ ತ್ರಾಸ ಆಗತೈತಿ ಅಂತ ಹೆದರ್ಯಾರ.’ ಹಾಗೇನೂ ಆಗುವುದಿಲ್ಲ ಎಂದು ನಾನು ಹೇಳಿದರೆ ನಂಬಲಿಲ್ಲ. ಸೈನಿಕ ಕಲ್ಯಾಣ ಕಚೇರಿಯಲ್ಲಿದ್ದ ಒಬ್ಬ ನಿವೃತ್ತ ಸುಬೇದಾರ್ ಸಾಹೇಬರು ಹಿಂದಿಯಲ್ಲಿ ಗದರಿದ ಮೇಲೆ ನಂಬಿದರು. ಕೆಲವು ಸತ್ಯಗಳಿಗೆ ರ‍್ಯಾಂಕು ಬೇಕಾಗುತ್ತದೆ.

ನಡುವೆ ಒಬ್ಬ ಏಜೆಂಟ ಬಂದ. ಎಲ್ಲಾ ನಾನೇ ಮಾಡಿಸಿಕೊಡ್ತೀನಿ, ಬಾಕಿ ಬಂದ ಹಣದಲ್ಲಿ ಮೂರನೇ ಒಂದು ಪಾಲು ಕೊಡಿ ಅಂದ. ಡಿಸ್ಚಾರ್ಜ್ ಬುಕ್ಕಿನ ಅಸಲಿಯನ್ನೇ ಕೇಳಿದ. ಕಾಕಾ ಚಹಾ ಕುಡಿಸಿ ಕಳಿಸಿದರು. ಮನೆಯಲ್ಲಿ ಟ್ರಂಕು ಇರುವವರಿಗೆ ಹೇಳುವ ಮಾತು: ಅಸಲಿ ಕಾಗದ ಯಾರ ಕೈಗೂ ಕೊಡಬೇಡಿ.

ಮೊದಲು ಅಪೀಲು ಹಾಕಿದೆವು, ಅವಧಿ ಮೀರಿದೆ ಎಂದು ಬಂತು. ಅದು ಬರುತ್ತದೆಂದು ಗೊತ್ತಿತ್ತು. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಕಾಯ್ದೆಯಿಂದ ಬಂದದ್ದು, 2009ರಿಂದ ಕೆಲಸ ಮಾಡುತ್ತಿದೆ. ಕರ್ನಾಟಕದ ಪ್ರಕರಣಗಳು ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರುತ್ತವೆ. ಗದಗ ಜಿಲ್ಲೆಯ ಒಂದು ಹಳ್ಳಿಯಿಂದ ಕೊಚ್ಚಿಗೆ! ವಕೀಲರು ಬೆಂಗಳೂರಿನವರು, ಪ್ರತಿ ತಾರೀಖಿಗೆ ನಾವು ಹೋಗಬೇಕಿರಲಿಲ್ಲ. ಆದರೂ ಕಾಕಾ ಒಂದು ಸಲ ಹಟ ಮಾಡಿ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಯ ಮೇಲೆ ಮೆಡಲ್ ಹಾಕಿಕೊಳ್ಳಲೇ ಎಂದು ವಕೀಲರನ್ನು ಕೇಳಿದರು. ಬೇಡ ಅಂದರು. ಅವತ್ತು ಕೇಸು ಮುಂದಕ್ಕೆ ಹೋಯಿತು.

2020ರ ಲಾಕ್‌ಡೌನಿನಲ್ಲಿ ಎಲ್ಲ ನಿಂತಿತು. ಅದೇ ವರ್ಷ ಮಳೆಗಾಲದಲ್ಲಿ ಒಂದು ಬೆಳಗ್ಗೆ ಕಾಕಾಗೆ ಲಕ್ವಾ ಹೊಡೆಯಿತು. ದೊಡ್ಡದಲ್ಲ, ಜೀವ ಉಳಿಯಿತು, ಬಲಗೈ ಹಿಡಿತ ಹೋಯಿತು. ಸಹಿ ಬದಲಾಯಿತು. ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲ, ಅಫಿಡವಿಟ್ಟಿನಲ್ಲಿ ಹೊಂದುತ್ತಿಲ್ಲ, ಎಲ್ಲಾ ಕಡೆ ಹೆಬ್ಬೆಟ್ಟು. ಇಪ್ಪತ್ತೆರಡು ವರ್ಷ ರೋಲ್‌ಕಾಲಿನ ರಿಜಿಸ್ಟರು ಬರೆದವರು ಹೆಬ್ಬೆಟ್ಟು ಒತ್ತುವಾಗ ಮುಖ ಆಚೆ ತಿರುಗಿಸುತ್ತಿದ್ದರು. ರಕ್ತದೊತ್ತಡ ಒಂದು ‘ಜೀವನಶೈಲಿ ಕಾಯಿಲೆ’ ಎಂದು ಸರ್ಕಾರಿ ವಕೀಲರು ವಾದಿಸಿದ್ದು ಅದಾದ ಕೆಲವೇ ತಿಂಗಳಿಗೆ. ರಾಜಸ್ಥಾನದ ಗಡಿಯಲ್ಲಿ ಹತ್ತು ತಿಂಗಳು ಬಂಕರಿನಲ್ಲಿ ಮಲಗುವುದೂ ಒಂದು ಜೀವನಶೈಲಿಯೇ ಇರಬೇಕು.

ಅವರ ಇನ್ನೊಂದು ವಾದ, ಮೆಡಿಕಲ್ ಬೋರ್ಡು ತಜ್ಞರದ್ದು, ಅದರ ಮೇಲೆ ನ್ಯಾಯಮಂಡಳಿ ಕೈ ಹಾಕಬಾರದು ಎಂಬುದು. ಇದರಲ್ಲಿ ಹುರುಳಿಲ್ಲ ಎನ್ನಲಾರೆ. ತಜ್ಞರ ಮಾತಿಗೆ ಬೆಲೆ ಇರಬೇಕು. ಆದರೆ ಬೆಲೆ ಇರುವುದು ತಜ್ಞ ಕೊಡುವ ಕಾರಣಕ್ಕೆ. ಕಾರಣವೇ ಬರೆಯದಿದ್ದರೆ ಉಳಿಯುವುದು ಸಹಿ ಮಾತ್ರ.

2021ರಲ್ಲಿ ಆದೇಶ ಬಂತು. ಕಾಯಿಲೆ ಸೇವೆಯಿಂದ ಹೆಚ್ಚಾದದ್ದು ಎಂದು ಒಪ್ಪಿದರು. 30 ಪರ್ಸೆಂಟನ್ನು 50 ಎಂದು ಲೆಕ್ಕ ಹಿಡಿಯಬೇಕೆಂದರು. ಈ ರೌಂಡಿಂಗ್ ಬಗ್ಗೆ ಅನೇಕರಿಗೆ ಗೊತ್ತಿಲ್ಲ: 50ಕ್ಕಿಂತ ಕಡಿಮೆ ಇದ್ದರೆ 50, 50ರಿಂದ 75ರ ನಡುವೆ ಇದ್ದರೆ 75, ಅದಕ್ಕೂ ಹೆಚ್ಚಿದ್ದರೆ 100. ಮೊದಲು ಇದನ್ನು ಕಾಯಿಲೆಯ ಕಾರಣಕ್ಕೇ ಹೊರಗೆ ಕಳಿಸಿದವರಿಗೆ ಮಾತ್ರ ಕೊಡುತ್ತಿದ್ದರು. ಅವಧಿ ಮುಗಿಸಿ ಬಂದವರಿಗೂ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರ ಡಿಸೆಂಬರಿನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಹೇಳಿತು.

ಬಾಕಿ ಹಣ ಮಾತ್ರ ಅರ್ಜಿ ಹಾಕಿದ ದಿನಕ್ಕಿಂತ ಹಿಂದಿನ ಮೂರು ವರ್ಷದ್ದು. ತಡವಾಗಿ ಬಂದವರಿಗೆ ಅಷ್ಟೇ ಎಂದು 2008ರ ತರ್ಸೇಮ್ ಸಿಂಗ್ ತೀರ್ಪು ಹೇಳುತ್ತದೆ. ಪಿಂಚಣಿ ನಿಲ್ಲಿಸುವುದು ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯ, ಹಾಗಾಗಿ ತಡವಾದರೂ ಕೇಸು ಹಾಕಬಹುದು ಎನ್ನುವುದೂ ಅದೇ ತೀರ್ಪು. ಒಂದು ಕೈಯಲ್ಲಿ ಬಾಗಿಲು ತೆರೆದು ಇನ್ನೊಂದು ಕೈಯಲ್ಲಿ ಹತ್ತು ವರ್ಷ ಇಟ್ಟುಕೊಂಡ ಹಾಗೆ. ಆ ಪತ್ರ 2006ರಲ್ಲಿ ಕನ್ನಡದಲ್ಲೋ ಹಿಂದಿಯಲ್ಲೋ ಬಂದಿದ್ದರೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಕಾಕಾ ಹಾಕಲಿಲ್ಲ. ‘ಹೋಗಲಿ ಬಿಡು, ಅವು ಹಿಂದಿನ ಮಳಿ’ ಅಂದರು.

ಆದೇಶ ಬಂದ ಮಾತ್ರಕ್ಕೆ ದುಡ್ಡು ಬರಲಿಲ್ಲ. ಜಾರಿ ಮಾಡಿಸಲು ಮತ್ತೊಂದು ಅರ್ಜಿ ಹಾಕಬೇಕಾಯಿತು. ಹೊಸ ಪಿಪಿಒ ಬಂದದ್ದು 2022ರಲ್ಲಿ. ನೂರು ಪರ್ಸೆಂಟ್ ವೈಕಲ್ಯಕ್ಕೆ ಕೊನೆಯ ವೇತನದ ಶೇ 30 ಎಂಬುದು ಲೆಕ್ಕ, ಐವತ್ತಕ್ಕೆ ಅದರರ್ಧ. ಕಾಕಾಗೆ ಅದು ತಿಂಗಳಿಗೆ ಐದು ಸಾವಿರ ರೂಪಾಯಿಯ ಆಸುಪಾಸು. ಎಟಿಎಂ ಕೆಲಸ ಬಿಟ್ಟರು. ಕೈ ಹೋದ ಮೇಲೆ ಅದು ಹೇಗೂ ಆಗುತ್ತಿರಲಿಲ್ಲ.

ಇಷ್ಟು ಹೇಳಿ ಇನ್ನೊಂದು ಕಡೆಯದನ್ನು ಹೇಳದಿದ್ದರೆ ವರದಿ ಆಗುವುದಿಲ್ಲ. ಈ ಪಿಂಚಣಿಯನ್ನು ದುರುಪಯೋಗ ಮಾಡುವವರಿದ್ದಾರೆ ಎಂಬ ಮಾತು ಸೇನೆಯ ಒಳಗಿಂದಲೇ ಬಂದಿದೆ. ಇದನ್ನು ಪಡೆದು ನಿವೃತ್ತರಾಗುವವರ ಪ್ರಮಾಣ ಸಿಪಾಯಿಗಳಿಗಿಂತ ಅಧಿಕಾರಿಗಳಲ್ಲಿ ಬಹಳ ಹೆಚ್ಚು ಎಂದು ಸಿಎಜಿ ತೋರಿಸಿತು. 2023ರ ಸೆಪ್ಟೆಂಬರ್ 21ರಿಂದ ನಿಯಮಗಳನ್ನೇ ಬದಲಿಸಿದ್ದಾರೆ. ಆ ನಂತರ ಅವಧಿ ಮುಗಿಸಿ ಬರುವವರಿಗೆ ‘ಇಂಪೇರ್‌ಮೆಂಟ್ ರಿಲೀಫ್’ ಎಂಬ ಹೊಸ ಹೆಸರು ಬಂದಿದೆ. ದುರುಪಯೋಗ ತಡೆಯಬೇಕು, ಒಪ್ಪುತ್ತೇನೆ. ಆದರೆ ಇಂಗ್ಲಿಷ್ ಓದಬಲ್ಲವನು, ವಕೀಲನ ಫೋನ್ ನಂಬರ್ ಇರುವವನು ಹೊಸ ನಿಯಮದಲ್ಲೂ ದಾರಿ ಹುಡುಕಿಕೊಳ್ಳುತ್ತಾನೆ. ಬಿಗಿ ಮಾಡಿದ ಹಗ್ಗ ಮೊದಲು ಒತ್ತುವುದು ಪತ್ರವನ್ನು ಟ್ರಂಕಿಗೆ ಹಾಕಿದವನಿಗೆ.

ಆ ಹುಡುಗ, ಕಾಕಾನ ಮಗ, 2023ರಲ್ಲಿ ಅಗ್ನಿವೀರನಾಗಿ ಸೇರಿದ. ಅಪ್ಪನ ಕೇಸಿನಿಂದ ಅವನಿಗೆ ಏನೂ ತೊಂದರೆ ಆಗಲಿಲ್ಲ. ಅವನಿಗೆ ನಾಲ್ಕು ವರ್ಷದ ನೌಕರಿ, ಪಿಂಚಣಿ ಇಲ್ಲ. ವೈಕಲ್ಯ ಬಂದರೆ ಒಂದೇ ಗಂಟು: 100 ಪರ್ಸೆಂಟಿಗೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ. ಅದೂ ಸೇವೆಯಿಂದ ಬಂದದ್ದು ಅಥವಾ ಹೆಚ್ಚಾದದ್ದು ಎಂದು ಮೆಡಿಕಲ್ ಬೋರ್ಡು ಬರೆದರೆ. ಅದೇ ಫಾರ್ಮು, ಅದೇ ಪ್ರಶ್ನೆ. ‘ನಾನಾ’ ಎಂದು ಬಿದ್ದರೆ ಅವನ ಕೈಯಲ್ಲಿ ಮಾಮೂಲಿ ಪಿಂಚಣಿಯೂ ಇರುವುದಿಲ್ಲ.

ಮೊದಲ ರಜೆಗೆ ಬಂದಾಗ ಕಾಕಾ ಅವನನ್ನು ಕೂಡಿಸಿಕೊಂಡು ಹೇಳಿದ್ದನ್ನು ನಾನು ಅಲ್ಲೇ ಕೂತು ಕೇಳಿದೆ. ‘ತಲಿ ನೋಯ್ತಂದ್ರ ಸಿಕ್ ರಿಪೋರ್ಟ್ ಮಾಡು. ಬಿದ್ದು ಪೆಟ್ಟಾದ್ರ ಅವತ್ತ ಬರಸು, ನಾಳೆ ಅನಬ್ಯಾಡ. ಕೆಟಗರಿ ಬಂದ್ರ ಬರಲಿ. ಕೊಟ್ಟ ಕಾಗದ ಎಲ್ಲಾ ಫೋಟೊ ಹೊಡದು ನಿಮ್ಮಣ್ಣಗ ಕಳಸು.’ ಹುಡುಗ ಫೋನ್ ನೋಡುತ್ತಾ ಹೂಂ ಅನ್ನುತ್ತಿದ್ದ. ಕಾಕಾ ಫೋನ್ ಕಿತ್ತುಕೊಂಡು ಮತ್ತೊಮ್ಮೆ ಮೊದಲಿಂದ ಹೇಳಿದರು.

ಅವನು ಹೋದ ಮೇಲೆ ನನಗೆ ಒಂದು ಹೊಸ ಫೈಲು ತರಲು ಹೇಳಿದರು, ಗಟ್ಟಿ ರಟ್ಟಿನದು, ದಾರ ಕಟ್ಟುವಂಥದ್ದು. ಅವರಿಗೆ ಬರೆಯಲು ಆಗುವುದಿಲ್ಲವಲ್ಲ, ಮೇಲೆ ಹುಡುಗನ ಹೆಸರು ನನ್ನಿಂದ ಬರೆಸಿದರು. ಸದ್ಯಕ್ಕೆ ಅದರಲ್ಲಿ ಎರಡೇ ಹಾಳೆ ಇವೆ.